ಅಕ್ಕ ಬಾಯಿ ಬಿಡದೆ ನಡೆದ ದಾರಿ

ಘಟ್ಟ ದಾಟುವ ದಿನ ಪೂರ್ತಿ ಮಾತಾಡುವುದಿಲ್ಲವೆಂದು ಅಕ್ಕ ಹರಕೆ ಹೊತ್ತಿದ್ದಾಳೆ ಎಂದು ಗೊತ್ತಾದಾಗ ನನಗೆ ಮೊದಲು ಬಂದದ್ದು ನಗು. ಶೃಂಗೇರಿಯ ಹೊಳೆಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆವು. ಅಕ್ಕನ ಊರಾದ ಕಡಹಿನಬೈಲಿನಿಂದ ಹೊರಟ ಪಾದಯಾತ್ರೆಯ ಗುಂಪು ನಮ್ಮದು. ಕೊಪ್ಪದ ಮೇಲೆ ಶೃಂಗೇರಿಗೆ ಬಂದು ತಂಗಿದ್ದೆವು. ಮಾರನೆಯ ದಿನ ಕೆರೆಕಟ್ಟೆಯ ಆಚೆ ಘಟ್ಟದ ಗಡಿ ಮುಟ್ಟಬೇಕಿತ್ತು. ಅಲ್ಲಿಂದ ಮುಂದೆ ಇಳಿಜಾರು, ಅದರ ಮುಂದೆ ದೇವಸ್ಥಾನ. ಅಕ್ಕ ಎಂದರೆ ಮಾತು. ಒಲೆಯ ಮೇಲಿಟ್ಟ ಹಾಲನ್ನಾದರೂ ಉಕ್ಕದ ಹಾಗೆ ಕಾಯಬಹುದು, ಇವಳ ಬಾಯಿ ಕಾಯಲು ಆಗುವುದಿಲ್ಲ ಎಂದು ಅಮ್ಮನೇ ಹೇಳುತ್ತಿದ್ದಳು.

"ನಿನ್ ಕೈಲಿ ಆಗದಾ ಅದು? ಬೇರೆ ಎಂತದಾದ್ರೂ ಹೊತ್ಕೋಬಾರ್ದಿತ್ತಾ?" ಎಂದೆ.

"ಆಯ್ತದೆ. ಒಂದೇ ದಿನ ಅಲ್ಲನ" ಎಂದಳು ಅಕ್ಕ. "ಅವ್ರು ವರ್ಷದ ಮೇಲಾಯ್ತು ಮಾತಾಡ್ದೆ. ನಂಗೆ ಒಂದು ದಿನ ಆಗದಿಲ್ವನ?"

ನನ್ನ ನಗು ಅಲ್ಲಿಗೇ ನಿಂತಿತು.

ಭಾವ ಬಾಳೆಹೊನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟ್ ಆಗಿದ್ದವರು. ಬಸ್ಸು ಬಂದು ನಿಲ್ಲುವ ಮೊದಲೇ "ಕೊಪ್ಪ, ಜಯಪುರ, ಶೃಂಗೇರಿ" ಎಂದು ಅವರು ಕೂಗುವುದು ಪೇಟೆಯ ಆ ತುದಿಗೂ ಕೇಳುತ್ತಿತ್ತು. ಒಂದು ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಕೈಯಿಂದ ಬ್ರಷ್ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಏಳಲಿಲ್ಲ. ಬಲಗೈಯೂ ಮಾತೂ ಒಟ್ಟಿಗೇ ಹೋದವು. ಕೈ ಆಮೇಲೆ ಅಷ್ಟಿಷ್ಟು ಬಂತು. ಮಾತಿನಲ್ಲಿ ಉಳಿದದ್ದು "ಹಾ" ಒಂದೇ. ನೀರಿಗೂ ಹಾ, ನೋವಿಗೂ ಹಾ, ಮೊಮ್ಮಗುವನ್ನು ಕರೆಯುವುದಕ್ಕೂ ಹಾ. ಮೊದಲ ಕೆಲವು ತಿಂಗಳಲ್ಲಿ ಬಂದರೆ ಬಂತು, ಆಮೇಲೆ ಕಷ್ಟ ಎಂದು ಶಿವಮೊಗ್ಗದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅಕ್ಕನಿಗೆ ನಾನು ಅದನ್ನು ಅಷ್ಟು ಬಿಡಿಸಿ ಹೇಳಿರಲಿಲ್ಲ. ಅವಳು ಅಷ್ಟು ಬಿಡಿಸಿ ಕೇಳಲೂ ಇಲ್ಲ.

ನನಗೆ ದೇವರ ಮೇಲೆ ಸಿಟ್ಟಿಲ್ಲ, ಹರಕೆಯ ಮೇಲೆ ಸಿಟ್ಟು. ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಹೊಲಿಗೆ ಅಂಗಡಿ ಇದೆ. ಅಳತೆ ತೆಗೆದು, ಹೊಲಿದು, ಹಾಕಿ ನೋಡಿ ಸರಿಯಾಯಿತೆಂದ ಮೇಲೆ ದುಡ್ಡು ಈಸಿಕೊಳ್ಳುವವಳು ನಾನು. ಮೊದಲೇ ಕೊಟ್ಟು ಆಮೇಲೆ ಕೈಮುಗಿದು ಕಾಯುವ ವ್ಯವಹಾರ ನನಗೆ ಹಿಡಿಸುವುದಿಲ್ಲ. ಪಾದಯಾತ್ರೆಗೆ ಬಂದದ್ದೂ ಅಕ್ಕ ಒಬ್ಬಳೇ ಬರಿಗಾಲಿನಲ್ಲಿ ಹೊರಟಿದ್ದಾಳಲ್ಲ ಎಂಬ ಒಂದೇ ಕಾರಣಕ್ಕೆ.

"ನಡುವೆ ಬಾಯಿ ತಪ್ಪಿ ಮಾತಾಡಿಬಿಟ್ರೆ?" ಎಂದು ಕೇಳಿದೆ.

"ಬೆಳಿಗ್ಗೆ ಇಲ್ಲಿ ಮುಳುಗಿದ ಮೇಲೆ ಗಡಿಯಲ್ಲಿ ಕಾಯಿ ಒಡೆಯೋ ತನಕ. ಅಷ್ಟೇ. ಮಾತಾಡದಿಲ್ಲ."

"ಮಾತಾಡಿದ್ರೆ ಅಂತ ಕೇಳ್ದೆ ನಾನು."

"ಮಾತಾಡಿದ್ರೆ ಅವ್ರಿಗೆ ಮಾತು ಬರದಿಲ್ಲ" ಎಂದಳು. ಇವತ್ತು ಸಂಜೆ ಬಸ್ಸಿಲ್ಲ ಎನ್ನುವ ಹಾಗೆ ಹೇಳಿ, ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸಿದಳು.

ಬೆಳಗಾಗುತ್ತಿದ್ದಂತೆ ಅಕ್ಕ ಹೊಳೆಯಲ್ಲಿ ಮುಳುಗಿ ಎದ್ದು, ಸೆರಗಿನ ಗಂಟಿನಿಂದ ಒಂದು ಇಡೀ ಅಡಿಕೆ ತೆಗೆದು ದವಡೆಗೆ ಇಟ್ಟುಕೊಂಡಳು. ಬಾಯಲ್ಲಿ ಅಡಿಕೆ ಇದ್ದರೆ ಮಾತು ಬರುವ ಮೊದಲು ಎಚ್ಚರ ಬರುತ್ತದಂತೆ. ಅದು ನನಗೂ ಗೊತ್ತಿದ್ದ ಉಪಾಯವೇ. ನಾನು ದಿನವಿಡೀ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡು ಕೆಲಸ ಮಾಡುತ್ತೇನೆ, ಅರ್ಧ ಕೊಪ್ಪ ನನ್ನನ್ನು ಜಂಬದವಳು ಎನ್ನುವುದು ಅದಕ್ಕೇ. ಕೆನ್ನೆ ಉಬ್ಬಿಸಿಕೊಂಡು ನಿಂತ ಅಕ್ಕ ಹಲ್ಲುನೋವು ಬಂದ ಮಗುವಿನ ಹಾಗೆ ಕಾಣುತ್ತಿದ್ದಳು. ತಮಾಷೆ ಮಾಡಬೇಕೆಂದುಕೊಂಡೆ, ಅವಳ ಕಣ್ಣು ನೋಡಿ ಸೆರಗಿನ ನೀರು ಹಿಂಡಿಕೊಟ್ಟೆ.

ಗುಂಪಿನ ಮುಂದಾಳು ಒಬ್ಬ ಮೇಸ್ತ್ರಿ. ಕಾಫಿ ಎಸ್ಟೇಟಿನಲ್ಲಿ ಆಳುಗಳ ಮೇಲ್ವಿಚಾರಣೆ ಮಾಡಿ ನಿವೃತ್ತಿಯಾದವರು. ಈ ದಾರಿಯನ್ನು ವರ್ಷ ವರ್ಷವೂ ನಡೆದವರು. ಅಕ್ಕಿ, ಪಾತ್ರೆ, ಹಾಸಿಗೆ ಹೊತ್ತ ಪಿಕಪ್ ಗಾಡಿ ಡಾಂಬರು ರಸ್ತೆಯಲ್ಲಿ ಮುಂದೆ ಹೋಯಿತು. ನಾವೂ ಮೊದಲು ರಸ್ತೆಯಲ್ಲೇ ಇದ್ದೆವು. ಆದರೆ ಮೇಲೆ ಹೋದ ಹಾಗೆ ಮಂಜು ದಟ್ಟವಾಯಿತು. ಲಾರಿಗಳು ಹತ್ತಿರ ಬರುವ ತನಕ ಕಾಣುತ್ತಲೇ ಇರಲಿಲ್ಲ. ಒಂದು ಪ್ರವಾಸಿಗರ ಕಾರು ನಮ್ಮ ಗುಂಪಿನ ಹೆಂಗಸೊಬ್ಬಳ ಚೀಲ ಸವರಿಕೊಂಡು ಹೋದ ಮೇಲೆ ಮೇಸ್ತ್ರಿ ನಿಂತರು.

"ಇಲ್ಲಿಂದ ಒಳದಾರಿಯಲ್ಲಿ ಹೋಗಣ. ಹಿಂದೆಲ್ಲ ಜನ ನಡೀತಿದ್ದದ್ದು ಅದ್ರಲ್ಲೇ. ಗಡಿ ಹತ್ರ ಮತ್ತೆ ರಸ್ತೆಗೆ ಸೇರ್ತದೆ" ಎಂದರು. "ಫಾರೆಸ್ಟಿನವ್ರು ಕಂಡ್ರೆ ಬೈತಾರೆ. ಬೈಸ್ಕೊಳದು ಲಾರಿ ಅಡಿಗೆ ಬೀಳದಕ್ಕಿಂತ ವಾಸಿ."

ಮಂಜಿನಲ್ಲಿ ನಡೆಯುವುದಕ್ಕೆ ನಮ್ಮ ಕಡೆ ಒಂದು ಕ್ರಮ ಇದೆ. ಕಾಡಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯಬಾರದು. ಕರೆದ ಹೆಸರನ್ನು ಕಾಡು ಕಲಿತುಕೊಳ್ಳುತ್ತದೆ, ಆಮೇಲೆ ಅದೇ ಕರೆಯಲು ಶುರುಮಾಡುತ್ತದೆ ಎನ್ನುತ್ತಾರೆ. ಆದ್ದರಿಂದ ಕೂ ಹಾಕುವುದು. ಎಲ್ಲರಿಗಿಂತ ಮುಂದಿರುವವನು "ಕೂ" ಎಂದು ಕೂಗುತ್ತಾನೆ, ಎಲ್ಲರಿಗಿಂತ ಹಿಂದಿರುವವನು "ಕೂ" ಎಂದು ತಿರುಗಿ ಕೂಗುತ್ತಾನೆ. ಎರಡು ಕೂಗಿನ ನಡುವೆ ಮಿಕ್ಕವರೆಲ್ಲ ಇದ್ದಾರೆ ಎಂದು ಅರ್ಥ. ಕೂ ಕೇಳಿಯೂ ತಿರುಗಿ ಹಾಕದೆ ಇರುವುದು ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸಿದ ಹಾಗೆ. ಅಷ್ಟು ಕೆಟ್ಟದ್ದು.

ಬರಿಗಾಲಿನಲ್ಲಿ ಕೋಲು ಊರಿ ನಡೆಯುವ ಅಕ್ಕ ನಿಧಾನ. ಕೊನೆಯವಳು ಅವಳೇ ಎಂಬುದು ಗೊತ್ತಿದ್ದದ್ದೇ. ಅವಳು ಕೂ ಹಾಕಬಹುದೇ ಎಂದು ಅಲ್ಲಿಯೇ ಒಂದು ಪಂಚಾಯಿತಿ ಆಯಿತು.

"ಕೂ ಅಂದ್ರೆ ಮಾತಲ್ಲ" ಎಂದರು ಮೇಸ್ತ್ರಿ. "ಹಕ್ಕಿನೂ ಕೂಗ್ತದೆ."

ಅಕ್ಕ ಅಡ್ಡಡ್ಡ ತಲೆಯಾಡಿಸಿದಳು. ಬಾಯಿ ತೆರೆಯುವುದೇ ಇಲ್ಲ ಎಂದು ಕೈಯಲ್ಲಿ ತೋರಿಸಿದಳು.

"ಹೋಗ್ಲಿ ಬಿಡಿ" ಎಂದ ಕೊನೆಗಾರ. ಅವನು ಅಕ್ಕನ ಪಕ್ಕದ ಮನೆಯವನು, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೆಲಸ. ಭಾವ ಬಿದ್ದ ದಿನ ಅವರನ್ನು ಬೆನ್ನ ಮೇಲೆ ಹೊತ್ತು ಆಟೋಗೆ ಹಾಕಿದವನು ಅವನೇ. "ಅಕ್ಕನ ಮುಂದೇ ನಾನು ಇರ್ತೇನೆ. ಅವ್ರದ್ದೂ ಸೇರಿಸಿ ನಾನೇ ಕೂ ಹಾಕ್ತೇನೆ."

ಎಲ್ಲರಿಗೂ ಅದು ಸರಿ ಎನಿಸಿತು. ನನಗೂ ಸರಿ ಎನಿಸಿತು. ಯಾರದೋ ಬದಲಿಗೆ ಇನ್ಯಾರೋ ಕೂ ಹಾಕಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆದರೂ ಆಗ ಅದು ತೀರಾ ಸಹಜವಾಗಿ ಕಂಡಿತು.

ಒಳದಾರಿ ಮೊದಲು ಕಾಡಿನೊಳಗೆ, ಆಮೇಲೆ ಹುಲ್ಲಿನ ಗುಡ್ಡದ ಮೇಲೆ. ಕಾಡಿನಲ್ಲಿ ಮಂಜು ಮರದಿಂದ ಹನಿಯಾಗಿ ಬೀಳುತ್ತಿತ್ತು, ಮಳೆಗಾಲ ಮುಗಿದು ಎಷ್ಟೋ ದಿನ ಆಗಿದ್ದರೂ ಸೀರೆಯೆಲ್ಲ ಒದ್ದೆ. ನಾನು ಸ್ವಲ್ಪ ದೂರ ಅಕ್ಕನ ಜೊತೆಗೇ ನಡೆದೆ. ನಾನು ಏನು ಹೇಳಿದರೂ ಅವಳು ಕಣ್ಣಲ್ಲೇ ಉತ್ತರ ಕೊಡುತ್ತಿದ್ದಳು. ಕಾಲಿಗೆ ಮುಳ್ಳು ಚುಚ್ಚಿದಾಗ ಅವಳು ಬಾಯಿಬಿಡದೆ ಮೂಗಿನಲ್ಲೇ ಉಸಿರೆಳೆದದ್ದು ನೋಡಿ ನನ್ನ ಮೈ ಉರಿಯಿತು. ಯಾರಿಗೆ ಬೇಕು ಇದು? ನಾಲಿಗೆ ಕೊಟ್ಟ ದೇವರಿಗೆ ನಾಲಿಗೆ ಕಟ್ಟಿ ತೋರಿಸುವುದು ಯಾವ ನ್ಯಾಯ? ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು. ಬೈದುಬಿಡುತ್ತೇನೆಂದು ಹೆದರಿ, ಕೊನೆಗಾರನಿಗೆ ಕಣ್ಸನ್ನೆ ಮಾಡಿ ಮುಂದಿನ ಹೆಂಗಸರನ್ನು ಸೇರಿಕೊಂಡೆ.

ಮೇಸ್ತ್ರಿ ಕೂ ಹಾಕುತ್ತಿದ್ದರು. ಹಿಂದಿನಿಂದ ಕೂ ಬರುತ್ತಿತ್ತು. ನಾವು ನಡೆಯುತ್ತಿದ್ದೆವು. ಒಂದು ಹಳ್ಳ ದಾಟಿದೆವು. ಹಳ್ಳದ ಆಚೆ ಏರು. ಏರು ಮುಗಿದಾಗ ಮರಗಳೆಲ್ಲ ಮಾಯವಾಗಿ ಬರೀ ಹುಲ್ಲು ಮತ್ತು ಬಿಳುಪು. ಗಾಳಿ ಬೀಸಿದರೆ ಪಕ್ಕದವರ ಮುಖ ಕಾಣುತ್ತಿತ್ತು, ಗಾಳಿ ನಿಂತರೆ ಅದೂ ಇಲ್ಲ. ಮೇಸ್ತ್ರಿ ಮತ್ತೆ ಕೂ ಎಂದರು. ಮತ್ತೆ ತಿರುಗಿ ಕೂ ಬಂತು. ಒಂದು ಹಾಸುಬಂಡೆಯ ಮೇಲೆ ಮುಂದಿದ್ದವರು ಕೂತು ಅವಲಕ್ಕಿ ಬಿಚ್ಚಿದೆವು. ಹಿಂದಿದ್ದವರು ಒಬ್ಬೊಬ್ಬರಾಗಿ ಮಂಜಿನಿಂದ ಹೊರಬಂದು ಸೇರಿಕೊಂಡರು. ಕೊನೆಗೆ ಕೊನೆಗಾರ ಬಂದು ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ನಾನು ಅಕ್ಕನಿಗೆಂದು ಬಾಳೆ ಎಲೆಯಲ್ಲಿ ಅವಲಕ್ಕಿ ಹಾಕಿ ಕಾದೆ.

"ಅಕ್ಕ ಎಲ್ಲಿ?" ಎಂದೆ.

"ಬಂದ್ರು, ಹಿಂದೇ" ಎಂದ ಅವನು. ತಿರುಗಿ ನೋಡಿದ. ನಾವೆಲ್ಲ ನೋಡಿದೆವು. ಯಾರೂ ಬರಲಿಲ್ಲ.

ಅವನ ಮುಖದ ರಕ್ತ ಇಳಿದದ್ದು ಆ ಮಂಜಿನಲ್ಲೂ ಕಂಡಿತು. ಹಳ್ಳದ ತನಕ ಅಕ್ಕನ ಕೋಲಿನ ಟಕ್ ಟಕ್ ಅವನಿಗೆ ಕೇಳುತ್ತಿತ್ತಂತೆ. ಹಳ್ಳದ ನೀರಿನ ಸದ್ದಿನಲ್ಲಿ ಕೋಲಿನ ಸದ್ದು ಮುಳುಗಿತು. ಆಚೆ ಹತ್ತಿದ ಮೇಲೂ ಅವಳು ಬರುತ್ತಿದ್ದಾಳೆ ಎಂದೇ ಅವನು ನಡೆದ. ಮೇಸ್ತ್ರಿ ಕೂ ಎಂದಾಗಲೆಲ್ಲ ತನ್ನದೂ ಅಕ್ಕನದೂ ಸೇರಿಸಿ ಕೂ ಎಂದ. ಇಲ್ಲದವಳ ಪರವಾಗಿ ಇದ್ದಾಳೆ ಎಂದು ಅವನು ಸಾರುತ್ತಾ ಬಂದ, ಅದನ್ನು ನಂಬಿ ನಾವು ಒಂದು ಗುಡ್ಡ ದಾಟಿದ್ದೆವು.

ನಾನು ಅವನಿಗೆ ಏನೆಂದೆ ಎಂದು ಬರೆಯುವುದಿಲ್ಲ. ಮೇಸ್ತ್ರಿ ನನ್ನ ಭುಜ ಹಿಡಿದು ಕೂರಿಸಿದರು. ಮಿಕ್ಕವರಿಗೆ, ಈ ಗುಡ್ಡದ ನೆತ್ತಿ ಬಿಡದೆ ಹೋದರೆ ರಸ್ತೆ ಸಿಗುತ್ತದೆ, ಪಿಕಪ್ ಹತ್ತಿರ ಕಾಯಿರಿ ಎಂದು ಹೇಳಿದರು. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಮೇಸ್ತ್ರಿ, ಕೊನೆಗಾರ, ನಾನು, ಮೂರು ಜನ ಹಿಂದಕ್ಕೆ ಹೊರಟೆವು.

ಇಳಿಯುತ್ತಾ ಮೇಸ್ತ್ರಿ ಕೂ ಹಾಕಿದರು. ನಿಂತು ಕಿವಿಗೊಟ್ಟೆವು. ಹುಲ್ಲಿನ ಮೇಲೆ ಗಾಳಿ ಹೋಗುವ ಸದ್ದು ಬಿಟ್ಟರೆ ಏನೂ ಇಲ್ಲ. ಕೊನೆಗಾರ ಕೂ ಹಾಕಿದ, ಅಡಿಕೆ ಮರದ ತುದಿಯಿಂದ ಇನ್ನೊಂದು ತೋಟಕ್ಕೆ ಕೇಳಿಸುವ ಗಂಟಲು ಅವನದು. ಏನೂ ಇಲ್ಲ. ನಾನೂ ಹಾಕಿದೆ. ಎಷ್ಟು ಸಲ ಹಾಕಿದೆವೋ. ಉತ್ತರ ಬಾರದೆ ಇರುವುದಕ್ಕೆ ಎರಡೇ ಕಾರಣ. ಅವಳಿಗೆ ಕೇಳುತ್ತಿಲ್ಲ, ಅಥವಾ ಕೇಳುತ್ತಿದೆ. ಕೇಳುತ್ತಿದ್ದರೂ ಅವಳು ಬಾಯಿ ಬಿಡುವವಳಲ್ಲ. ಇದು ಮೂವರಿಗೂ ಗೊತ್ತಿತ್ತು. ಅವಳು ಬಿದ್ದು ಪ್ರಜ್ಞೆ ತಪ್ಪಿದ್ದಾಳೆಂದು ಒಮ್ಮೆ ಅನಿಸಿದರೆ, ಎಲ್ಲೋ ಮರದ ಬುಡದಲ್ಲಿ ಕೂತು ಅಡಿಕೆ ಚೀಪುತ್ತಾ ನಮ್ಮ ಕೂಗು ಕೇಳುತ್ತಿದ್ದಾಳೆಂದು ಇನ್ನೊಮ್ಮೆ ಅನಿಸಿ, ಭಯಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

ಹಳ್ಳದ ಹತ್ತಿರ ದಾರಿ ಎರಡಾಗಿತ್ತು. ಬರುವಾಗ ನನ್ನ ಗಮನಕ್ಕೆ ಬಂದಿರಲಿಲ್ಲ. ನಾವು ಹತ್ತಿದ್ದು ಬಲಕ್ಕೆ. ಎಡಕ್ಕೆ ಇನ್ನೊಂದು, ಕಾಡುಪ್ರಾಣಿಗಳು ನೀರಿಗೆ ಬಂದು ಬಂದು ಆದ ಜಾಡು. ಅದರ ಕೆಸರಿನಲ್ಲಿ ಬರಿಗಾಲಿನ ಗುರುತು ಇತ್ತು. ಅಕ್ಕನ ಹೆಬ್ಬೆರಳು ಹೊರಕ್ಕೆ ಬಾಗಿದ್ದು, ನನಗೆ ಅನುಮಾನ ಬರಲಿಲ್ಲ. ಆ ಗುರುತಿನ ಪಕ್ಕದಲ್ಲಿ ದೊಡ್ಡ ಗೊರಸಿನ ಗುರುತುಗಳಿದ್ದವು, ಅಂಚು ಇನ್ನೂ ಕುಸಿದಿರಲಿಲ್ಲ.

"ಕಾಟಿ" ಎಂದರು ಮೇಸ್ತ್ರಿ ದನಿ ತಗ್ಗಿಸಿ. ಕಾಡುಕೋಣಕ್ಕೆ ನಾವು ಹೇಳುವುದು ಹಾಗೆ. "ಒಂಟಿ. ಒಂಟಿ ಆದ್ರೆ ಸರಿ ಇರದಿಲ್ಲ. ಇನ್ನು ಕೂಗದು ಬೇಡ."

ಜಾಡು ಸ್ವಲ್ಪ ದೂರ ಹೋಗಿ ಹುಲ್ಲಿನಲ್ಲಿ ಕರಗಿತು. ಕೊನೆಗಾರ ಮೇಲಿನ ಪಕ್ಕ ಹತ್ತಿದ. ಮೇಸ್ತ್ರಿ ಕೆಳಗೆ, ಹುಲ್ಲು ಮುಗಿದು ಪ್ರಪಾತ ಶುರುವಾಗುವ ಅಂಚು ನೋಡಲು ಹೋದರು. ಆ ಅಂಚನ್ನು ನನಗೆ ನೋಡಲು ಬಿಡಲಿಲ್ಲ. "ನೀನು ಇಲ್ಲೇ ನಿಂತಿರು" ಎಂದರು. ನಿಲ್ಲಬೇಕಿತ್ತು. ಅಲ್ಲಿ ಒಬ್ಬಳೇ ನಿಂತು, ಬಿಳಿ ಗೋಡೆ ನೋಡುತ್ತಾ, ಭಾವನ ಮುಂದೆ ಹೋಗಿ ಏನು ಹೇಳುವುದೆಂದು ಯೋಚಿಸಿದೆ. ಹೇಳಿದರೆ ಅವರು ಹಾ ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಅವರಿಂದ ಆಗುವುದಿಲ್ಲ. ಹೆಂಡತಿ ಸತ್ತಳೆಂದರೂ ಅದೇ ಹಾ. ಇದು ತಲೆಗೆ ಬಂದದ್ದೇ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ನೆಲಕ್ಕೆ ಕಣ್ಣು ನೆಟ್ಟು ಮುಂದೆ ನಡೆದೆ. ಬಾಯಿಗೆ ಒಂದು ಸುಳ್ಳು ಬಂದಿತ್ತು. ಅಕ್ಕಾ, ಭಾವ ಮಾತಾಡಿದರಂತೆ, ಫೋನು ಬಂತು, ಎಂದು ಕೂಗಿಬಿಟ್ಟರೆ ಅವಳು ಎಲ್ಲಿದ್ದರೂ ಓಗೊಡುತ್ತಾಳೆ. ಸಾಯುತ್ತಿದ್ದರೂ ಓಗೊಡುತ್ತಾಳೆ. ಆಮೇಲೆ ಅದು ಸುಳ್ಳೆಂದು ಅವಳ ಎದುರು ನಿಂತು ಹೇಳಬೇಕಾಗುತ್ತದಲ್ಲ ಎಂದುಕೊಂಡು ನುಂಗಿಕೊಂಡೆ.

ಆಗ ಗಾಳಿ ಒಂದು ಸಲ ಬೀಸಿತು. ಮುಂದೆ, ನಮ್ಮ ಅಂಗಡಿಯಿಂದ ರಸ್ತೆಯ ಆಚೆಗಿನಷ್ಟು ದೂರದಲ್ಲಿ, ಹುಲ್ಲಿನ ನಡುವೆ ಕಂದು ಬಣ್ಣದ ಏನೋ ಕುಳಿತ ಹಾಗೆ ಕಂಡಿತು. ಅಕ್ಕ ಹೊದ್ದಿದ್ದದ್ದು ಕಂದು ಶಾಲು. ಮೊಣಕಾಲು ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಬೆನ್ನು ನನ್ನ ಕಡೆಗೆ ಮಾಡಿ ಕೂತಿದ್ದಾಳೆ. ನನ್ನ ಜೀವ ತಿರುಗಿ ಬಂತು. ಬಂದ ಜೀವದ ಹಿಂದೆಯೇ ಕೋಪವೂ ಬಂತು. ಅಷ್ಟು ಹೊತ್ತು ನುಂಗಿದ್ದೆಲ್ಲ ಹೊರಗೆ ಬಿತ್ತು.

"ಕೂತಿದೀಯ ಇಲ್ಲಿ? ಆರಾಮಾಗಿ ಕೂತಿದೀಯ? ಗಂಟಲು ಹರಿದು ಹೋಯ್ತು ನಮ್ದು. ನಿನ್ ಹರಕೆಗೆ ಬೆಂಕಿ ಬೀಳ" ಎನ್ನುತ್ತಾ ದಡದಡನೆ ನಡೆದೆ. ನಡೆದಂತೆ ಬೈದೆ. ಬೈದಂತೆ ನಡೆದೆ. ಕಂದು ಬೆನ್ನು ಅಲುಗಾಡಲಿಲ್ಲ. ಇಷ್ಟೊಂದು ಸೊಕ್ಕೇ ಎಂದುಕೊಂಡು ಇನ್ನೂ ಜೋರಾಗಿ ಹೆಜ್ಜೆ ಹಾಕಿದೆ.

"ನಿಲ್ಲೇ!"

ದನಿ ಬಂದದ್ದು ಮುಂದಿನಿಂದಲ್ಲ, ಎಡಗಡೆ ಮೇಲಿನಿಂದ. ಅಕ್ಕನ ದನಿ.

"ಅದು ಕಾಟಿ. ಒಂದು ಹೆಜ್ಜೆ ಮುಂದೆ ಇಡಬೇಡ."

ಕಾಲು ನಿಂತಿತು. ಕಂದು ಬೆನ್ನು ಎದ್ದಿತು, ಏಳುತ್ತಲೇ ಹೋಯಿತು. ನಾನು ಬೆನ್ನೆಂದುಕೊಂಡದ್ದು ಬರೀ ಭುಜ. ತಲೆ ತಿರುಗಿತು. ಕೋಡು, ಹಣೆಯ ಮಾಸಲು ಬಿಳಿ, ಒದ್ದೆ ಮೂಗು. ಮೂಗಿನಿಂದ ಹೊಗೆಯ ಹಾಗೆ ಉಸಿರು ಹೊರಟಿತು. ಅದು ಒಂದು ಸಲ ನೆಲ ಒದೆಯಿತು, ಆ ಅದುರು ನನ್ನ ಅಂಗಾಲಿಗೆ ಬಂತು.

"ತಿರುಗಬೇಡ. ಓಡಬೇಡ" ಎನ್ನುತ್ತಿದ್ದಳು ಅಕ್ಕ. ಈಗ ಕೂಗುತ್ತಿರಲಿಲ್ಲ, ಹಟ್ಟಿಯಲ್ಲಿ ಹಸುವಿಗೆ ಹೇಳುವ ಹಾಗೆ ಒಂದೇ ಸಮನೆ, ಮೆಲ್ಲಗೆ ಹೇಳುತ್ತಿದ್ದಳು. "ಅದ್ರ ಕಡೆನೇ ನೋಡ್ತಾ ಹಿಂದೆ ಹಿಂದೆ ಬಾ. ಹಂಗೆ. ನಿನ್ ಎಡಗಡೆ ಬಂಡೆ ಇದೆ. ಇನ್ನೂ ಸ್ವಲ್ಪ. ಕಲ್ಲಿಗೆ ಕೈ ಸಿಕ್ತಾ? ಹತ್ತು ಮೇಲೆ. ನಾನಿದೇನೆ, ಹತ್ತು."

ಹತ್ತಿದೆ. ಹೇಗೆ ಎಂದು ಗೊತ್ತಿಲ್ಲ, ಮೊಣಕೈ ಎರಡೂ ಸುಲಿದಿದ್ದವು. ಅಕ್ಕ ನನ್ನ ರಟ್ಟೆ ಹಿಡಿದು ಎಳೆದುಕೊಂಡಳು. ಕಾಟಿ ಇನ್ನೊಂದು ಗಳಿಗೆ ನಾನು ನಿಂತಿದ್ದ ಜಾಗವನ್ನೇ ನೋಡಿ, ಮೂಗಿನಲ್ಲಿ ಬುಸುಗುಟ್ಟಿ, ಕೆಳಗಿನ ಮಂಜಿನೊಳಗೆ ಇಳಿದು ಹೋಯಿತು. ಕಲ್ಲು ಉರುಳುವ ಸದ್ದು ಸ್ವಲ್ಪ ಹೊತ್ತು ಕೇಳಿತು. ನಾನು ಅಕ್ಕನ ತೊಡೆಯ ಮೇಲೆ ಮುಖ ಇಟ್ಟು ಅತ್ತೆ. ಅಷ್ಟು ವಯಸ್ಸಾದ ಮೇಲೆ ಹಾಗೆ ಅತ್ತದ್ದು ಅದೇ ಮೊದಲು.

ತಲೆ ಎತ್ತಿದಾಗ ಅಕ್ಕ ನನ್ನನ್ನು ನೋಡುತ್ತಿರಲಿಲ್ಲ. ಬಂಡೆಯ ಸಂದಿನ ಹುಲ್ಲಿನಲ್ಲಿ ಅಂಗೈ ಆಡಿಸಿ ಏನನ್ನೋ ಹುಡುಕುತ್ತಿದ್ದಳು. ಕೂಗುವಾಗ ಬಾಯಿಂದ ಬಿದ್ದ ಅಡಿಕೆ. ಅವಳ ಪಾದದ ಗಂಟು ಊದಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಹಳ್ಳದಲ್ಲಿ ಮುಳ್ಳು ಕೀಳಲು ಕೂತಳಂತೆ. ಎದ್ದಾಗ ಎಲ್ಲ ಬಿಳಿ, ಕಾಲಿಗೆ ಸಿಕ್ಕ ಜಾಡು ಹಿಡಿದು ಬಂದಳು. ಇಲ್ಲಿ ಜಾರಿದಳು, ಕೋಲು ಕೆಳಗೆ ಹೋಯಿತು. ತೆವಳಿಕೊಂಡು ಬಂಡೆ ಹತ್ತಿ ಕೂತಳು. ಕಾಟಿ ಬಂದದ್ದು ಎಷ್ಟೋ ಹೊತ್ತಿನ ಮೇಲೆ.

"ನಾವು ಕೂ ಹಾಕಿದ್ದು ಕೇಳ್ಲಿಲ್ವಾ?" ಎಂದೆ.

"ಕೇಳ್ತು."

"ಎಲ್ಲಾ?"

"ಎಲ್ಲಾ ಕೇಳ್ತು. ಚಪ್ಪಾಳೆ ತಟ್ಟಿದೆ. ನಿಂಗೆ ಕೇಳ್ಲಿಲ್ವನ?"

ಇಲ್ಲವೆಂದೆ. ಅವಳು ಅಂಗೈ ತೋರಿಸಿದಳು, ಕೆಂಪಗಾಗಿತ್ತು. ಆಮೇಲೆ ಅವಳು ಹುಡುಕುವುದನ್ನು ಬಿಟ್ಟು, ಗಡಿ ಇರುವ ಕಡೆಗೆ ಮುಖ ಮಾಡಿ, "ಇನ್ನು ಸ್ವಲ್ಪ ದೂರ ಇತ್ತು ಕಣೇ" ಎಂದಳು.

ದನಿ ಕೇಳಿ ಮೇಸ್ತ್ರಿಯೂ ಕೊನೆಗಾರನೂ ಬಂದರು. ನಡೆದದ್ದು ತಿಳಿದು ಮೇಸ್ತ್ರಿ, "ಕಾಟಿ ಎದುರು ಕೂಗಿದ್ದು ಲೆಕ್ಕಕ್ಕಿಲ್ಲ. ದೇವ್ರೇನು ಮುಟ್ಠಾಳನಾ?" ಎಂದರು. ಅಕ್ಕ ಹೂಂ ಎಂದಳು, ಒಪ್ಪಿದ ಹೂಂ ಅಲ್ಲ, ಹಿರಿಯರಿಗೆ ಎದುರು ಹೇಳಬಾರದೆಂಬ ಹೂಂ. ಕೊನೆಗಾರ ದೂರ ಕೂತು ತಲೆಗೆ ಟವೆಲ್ ಮುಚ್ಚಿಕೊಂಡಿದ್ದ. "ನಿಂದೆಂತ ತಪ್ಪು ಮಾರಾಯ, ನನ್ ಕೆಲ್ಸ ನಿನ್ ತಲೆ ಮೇಲೆ ಹಾಕಿದ್ದು ನಾನು" ಎಂದು ಅಕ್ಕನೇ ಸಮಾಧಾನ ಮಾಡಿದಳು. ಅವನು ಅವಳನ್ನು ಭಾವನನ್ನು ಹೊತ್ತ ಹಾಗೆಯೇ ಬೆನ್ನ ಮೇಲೆ ಹೊತ್ತ. ರಸ್ತೆಗೆ ಹೋಗುವ ತನಕ ಅಕ್ಕ ಅವನ ಬೆನ್ನ ಮೇಲಿಂದ ಮಾತಾಡುತ್ತಲೇ ಇದ್ದಳು. ಅವನ ಮಗಳ ಮದುವೆ, ಮಂಗಗಳ ಹಾವಳಿ, ಪಿಕಪ್‌ನವನು ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದು. ಗಡಿಯ ಹತ್ತಿರ ಎಲ್ಲರೂ ಕಾಯಿ ಒಡೆಯುವಾಗ ಅವಳು ತನ್ನ ಕಾಯಿಯನ್ನು ಚೀಲದಿಂದ ತೆಗೆಯಲಿಲ್ಲ. ಪಿಕಪ್‌ನಲ್ಲಿ ಕೂತು ಬೇರೆ ಕಡೆ ನೋಡುತ್ತಿದ್ದಳು.

ಅಕ್ಕನ ಕಾಲಿನ ಊತ ಇಳಿಯುವ ಹೊತ್ತಿಗೆ ಬೇಸಿಗೆ ಶುರುವಾಗಿತ್ತು. ಒಂದು ಭಾನುವಾರ ಅಂಗಡಿ ಮುಚ್ಚಿ ಕಡಹಿನಬೈಲಿಗೆ ಹೋದೆ. ಅಕ್ಕ ಭಾವನಿಗೆ ಗಂಜಿ ಕುಡಿಸುತ್ತಿದ್ದಳು. ನನ್ನನ್ನು ಕಂಡು ಭಾವ ಹಾ ಎಂದರು. ಆ ದಿನದ ಕತೆಯನ್ನು ಅಕ್ಕ ಊರಿಗೆಲ್ಲ ಹೇಳಿದ್ದಾಳೆ, ನಾನು ಕಾಟಿಗೆ ಬೈದದ್ದನ್ನು ಅಭಿನಯಿಸಿ ತೋರಿಸಿದ್ದಾಳೆ, ಎಂದು ಬಸ್ಸಿನಲ್ಲೇ ಯಾರೋ ಹೇಳಿದ್ದರು. ಭಾವನಿಗೂ ಹೇಳಿದ್ದಳಂತೆ.

"ಪೂರ್ತಿ ಹೇಳಿದ್ಯಾ?" ಎಂದೆ.

"ಪೂರ್ತಿ" ಎಂದಳು. ಚಮಚದಲ್ಲಿ ಅವರ ಗಲ್ಲಕ್ಕೆ ಸುರಿದ ಗಂಜಿ ಎತ್ತುತ್ತಾ ಅವರಿಗೇ ಹೇಳಿದಳು. "ನಿಮಗೆ ಅಂತ ಇಟ್ಕೊಂಡಿದ್ದ ಮಾತು ಇವಳಿಗೆ ಖರ್ಚಾಯ್ತು, ಅಲ್ಲನ?"

ಭಾವ ನಕ್ಕರು. ನಗು ಮೊದಲಿನ ಹಾಗೇ ಇದೆ, ಅದಕ್ಕೇನೂ ಆಗಿಲ್ಲ. ನಗುತ್ತಾ ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು. ತುಟಿ ಒಂದು ಕಡೆ ಎಳೆಯಿತು, ಕುತ್ತಿಗೆಯ ನರ ಉಬ್ಬಿತು. ನಾನು ಹರಕೆ ನಂಬುವವಳಲ್ಲ. ಡಾಕ್ಟರು ಹೇಳಿದ್ದು ನನಗೆ ಗೊತ್ತು. ಆದರೂ ಆ ಬಾಯಿಯನ್ನು ನೋಡಲಾಗದೆ ಕೈಯಲ್ಲಿದ್ದ ಬಸ್ ಟಿಕೆಟ್ ಮಡಿಚುತ್ತಾ ಕೂತೆ. "ಹಾ" ಎಂದರು ಭಾವ.

ಹೊರಡುವಾಗ ಅಕ್ಕ ಅಂಗಳದ ತನಕ ಬಂದಳು. ಇನ್ನೂ ಸ್ವಲ್ಪ ಕುಂಟುತ್ತಿದ್ದಳು. ಮುಂದಿನ ವರ್ಷ ಮತ್ತೆ ಹೋಗುತ್ತೇನೆ, ಅದೇ ಹರಕೆ, ಅದೇ ಘಟ್ಟ ಎಂದಳು. ಈ ಸಲ ನಾನು ನಗಲಿಲ್ಲ, ಬೈಯಲೂ ಇಲ್ಲ. ನಾನೂ ಬರುತ್ತೇನೆ, ಪಕ್ಕದಲ್ಲೇ ನಡೆಯುತ್ತೇನೆ, ಒಂದು ಹೆಜ್ಜೆಯೂ ಬಿಟ್ಟಿರುವುದಿಲ್ಲ ಎಂದೆ.

ಅಕ್ಕ ನನ್ನ ಸೆರಗು ಸರಿಮಾಡಿದಳು.

"ನೀನು ಬರಬೇಡ ಕಣೇ" ಎಂದಳು. "ನೀನು ಬಂದ್ರೆ ಮತ್ತೆ ಕೂಗಿಬಿಡ್ತೇನೆ."